ಬಾಟ್ಲಿಯಲ್ಲಿ ಬಾಳೆ ಬೆಳೆಸಿದ ಮೇಡಂ

ಹೋದ ಭಾನುವಾರ ಬಾಳೆದಿಂಡು ಹೆಚ್ಚುತ್ತಾ ಕೂತಿದ್ದೆ. ದಿಂಡನ್ನು ತೆಳ್ಳಗೆ ಬಿಲ್ಲೆ ಮಾಡಿ, ಎದ್ದು ಬರುವ ನಾರನ್ನು ಬೆರಳಿಗೆ ಸುತ್ತಿ ತೆಗೆದು, ಕೂಡಲೇ ಮಜ್ಜಿಗೆ ನೀರಿಗೆ ಹಾಕಬೇಕು. ಅಷ್ಟರಲ್ಲಿ ಫೋನ್ ಬಂತು. ಮಾತು ಮುಗಿಸಿ ಬರುವಷ್ಟರಲ್ಲಿ ನೀರಿಗೆ ಬೀಳದೆ ತಟ್ಟೆಯಲ್ಲೇ ಉಳಿದಿದ್ದ ಬಿಲ್ಲೆಗಳು ಕಪ್ಪಾಗಿದ್ದವು. ಚಾಕುವಿನ ಅಂಚು ಕಪ್ಪು, ನನ್ನ ಹೆಬ್ಬೆರಳೂ ಕಪ್ಪು. ಸೋಪು ಹಾಕಿ ಉಜ್ಜಿದರೂ ಹೋಗದ ಆ ಕಲೆಯನ್ನು ನೋಡುತ್ತಾ ನಲ್ಲಿಯ ಮುಂದೆ ಹಾಗೇ ನಿಂತುಬಿಟ್ಟೆ. ಮೇಡಂ ಬೆರಳುಗಳು ನೆನಪಾದವು. ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ವರ್ಷವಿಡೀ ಹೀಗೇ ಇರುತ್ತಿದ್ದವು. ರೇಷ್ಮೆ ಸೀರೆ ಉಟ್ಟು ಮದುವೆಗೆ ಹೋದಾಗಲೂ ಅಷ್ಟೇ. ಯಾರಾದರೂ ಏನಾಯಿತೆಂದು ಕೇಳಿದರೆ "ಏನಿಲ್ಲ, ಬಾಳೆ ಮಸಿ" ಅನ್ನುತ್ತಿದ್ದರು...

ಅದು ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮಪ್ಪನಿಗೆ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ. ನ್ಯೂ ಟೌನ್‌ನ ಕ್ವಾರ್ಟರ್ಸ್‌ನಲ್ಲಿ ನಮ್ಮ ಮನೆ. ಬಿ.ಎಸ್ಸಿ. ಮುಗಿಸಿದ ನನಗೆ ಒಂದು ಕಡೆ ಗಂಡು ಹುಡುಕುತ್ತಿದ್ದರು, ಇನ್ನೊಂದು ಕಡೆ ನಾನು ಕೆಲಸ ಹುಡುಕುತ್ತಿದ್ದೆ. ಎರಡೂ ಸಿಗುವ ಲಕ್ಷಣ ಇರಲಿಲ್ಲ. ಅಪ್ಪನ ಪರಿಚಯದ ಒಬ್ಬರು ಮಾಚೇನಹಳ್ಳಿಯಲ್ಲಿ ಲೇತ್ ಇಟ್ಟುಕೊಂಡು ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದರು. ಅವರ ಹೆಂಡತಿ ಅದೇ ಶೆಡ್ಡಿನಲ್ಲಿ ಗಿಡದ ಲ್ಯಾಬ್ ಮಾಡಿದ್ದಾರಂತೆ, ಸಸ್ಯಶಾಸ್ತ್ರ ಓದಿದ ಹುಡುಗಿ ಬೇಕಂತೆ ಎಂದು ಅಪ್ಪ ಒಂದು ಸಂಜೆ ಬಂದು ಹೇಳಿದರು. ಲೇತ್ ಶೆಡ್ಡಿನಲ್ಲಿ ಎಂಥ ಗಿಡ ಎಂದು ಅಮ್ಮ ನಕ್ಕಳು. ನನಗೂ ನಗು ಬಂತು. ಆದರೂ ಹೋದೆ.

ಶೆಡ್ಡಿನ ಅರ್ಧದಲ್ಲಿ ಕಬ್ಬಿಣ ಕೊರೆಯುವ ಸದ್ದು, ನೆಲದ ತುಂಬ ಲೋಹದ ಸುರುಳಿ, ಎಣ್ಣೆ ವಾಸನೆ. ಮಧ್ಯೆ ಒಂದು ಇಟ್ಟಿಗೆ ಗೋಡೆ. ಅದರಾಚೆ ಬಿಳಿ ಬಣ್ಣ ಬಳಿದ ತಣ್ಣನೆಯ ಕೋಣೆ. ಸಾಲು ಸಾಲು ಟ್ಯೂಬ್‌ಲೈಟಿನ ಕೆಳಗೆ ಕಬ್ಬಿಣದ ಅಟ್ಟಣಿಗೆಗಳು, ಅದರ ತುಂಬ ಜಾಮ್ ಬಾಟ್ಲಿಗಳು, ಒಂದೊಂದು ಬಾಟ್ಲಿಯೊಳಗೂ ಬೆರಳುದ್ದದ ಹಸಿರು ಗಿಡಗಳು. ಮಣ್ಣಿಲ್ಲ. ಜೆಲ್ಲಿಯಂಥ ಒಂದು ತಿಳಿಯಾದ ಗಟ್ಟಿಯಲ್ಲಿ ನಿಂತಿದ್ದವು. ಇದಕ್ಕೆ ಟಿಶ್ಯೂ ಕಲ್ಚರ್ ಅನ್ನುತ್ತಾರೆಂದು ನಾನು ಓದಿದ್ದೆ, ಕಣ್ಣಾರೆ ಕಂಡದ್ದು ಅಂದೇ. ಬಾಳೆಯ ಬುಡದಿಂದ ಒಂದು ಚೂರು ತೆಗೆದು ಈ ಜೆಲ್ಲಿಯಲ್ಲಿಟ್ಟರೆ ಅದು ಬೆಳೆದು, ಕವಲೊಡೆದು, ಒಂದೇ ತಾಯಿಯಿಂದ ಸಾವಿರಾರು ಸಸಿ ಆಗುತ್ತವೆ. ರೈತರು ಅವನ್ನು ಕೊಂಡೊಯ್ದು ನೆಡುತ್ತಾರೆ.

ಮೇಡಂಗೆ ಆಗ ನಲವತ್ತರ ಆಸುಪಾಸು. ಗಿಡ್ಡ ಆಳು, ಹಣೆಯಲ್ಲಿ ತೆಳ್ಳನೆಯ ವಿಭೂತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಮೇಲೆ ಬಿಳಿ ಕೋಟು. ಶಿವಮೊಗ್ಗದ ವ್ಯಾಪಾರಸ್ಥರ ಮನೆಯ ಸೊಸೆ. ಎಂ.ಎಸ್ಸಿ. ಮಾಡಿ, ಮದುವೆಯಾಗಿ, ಮಕ್ಕಳು ಹೈಸ್ಕೂಲು ಸೇರುವವರೆಗೆ ಮನೆಯಲ್ಲಿದ್ದು, ಆಮೇಲೆ ಯಜಮಾನರ ಶೆಡ್ಡಿನಲ್ಲಿ ಅರ್ಧ ಜಾಗ ಕೇಳಿ ಪಡೆದವರು. ನನ್ನನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಕೋಶ ವಿಭಜನೆ ಗೊತ್ತಾ?"

ನಾನು ಹಂತಗಳ ಹೆಸರನ್ನೆಲ್ಲ ಉರು ಹೊಡೆದ ಹಾಗೆ ಒಪ್ಪಿಸಿದೆ. ಚಿತ್ರ ಬೇಕಾದರೆ ಬರೆಯುತ್ತೇನೆ ಅಂದೆ.

"ನೋಡಿದೀಯಾ?"

"ಪುಸ್ತಕದಲ್ಲಿ ನೋಡಿದೀನಿ ಮೇಡಂ."

ಅವರು ಜೋರಾಗಿ ನಕ್ಕುಬಿಟ್ಟರು. "ನಾನೂ ಡಿಗ್ರಿ ಹಾಗೇ ಪಾಸಾಗಿದ್ದು ಮಾರಾಯ್ತಿ. ಬಾ ಇಲ್ಲಿ."

ಕಿಟಕಿಯ ಮೇಲೆ ಒಂದು ಈರುಳ್ಳಿ, ನೀರು ತುಂಬಿದ ಲೋಟದ ಬಾಯಿಯ ಮೇಲೆ ಕೂತಿತ್ತು. ಬಿಳಿ ಬೇರುಗಳು ನೀರಿಗಿಳಿದಿದ್ದವು. ಬೆಳಿಗ್ಗೆ ಕತ್ತರಿಸಿ ಹದ ಮಾಡಿಟ್ಟಿದ್ದ ಬೇರಿನ ತುದಿಗೆ ಕೆಂಪು ಬಣ್ಣ ಹಾಕಿ, ಗಾಜಿನ ಮೇಲಿಟ್ಟು, ಹೆಬ್ಬೆರಳಲ್ಲಿ ಅದುಮಿ, ಮೈಕ್ರೋಸ್ಕೋಪಿನ ಕೆಳಗೆ ಸರಿಸಿದರು. ನಾನು ಕಣ್ಣಿಟ್ಟೆ. ಮೊದಲು ಬರೀ ಕೆಂಪು ಮಸುಕು. ಅವರು ತಿರುಪನ್ನು ನಿಧಾನ ತಿರುಗಿಸುತ್ತಾ ಹೋದರು. ಇಟ್ಟಿಗೆ ಜೋಡಿಸಿದಂತೆ ಕೋಶಗಳು ಕಂಡವು. ಹೆಚ್ಚಿನವುಗಳ ನಡುವೆ ಒಂದೊಂದು ದುಂಡು ಚುಕ್ಕೆ. ಆದರೆ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಚುಕ್ಕೆ ಇರಲಿಲ್ಲ, ಅದರ ಬದಲು ಸಣ್ಣ ಸಣ್ಣ ದಾರದ ತುಂಡುಗಳಿದ್ದವು. ಒಂದರಲ್ಲಿ ಆ ದಾರಗಳು ನಡುವೆ ಸಾಲುಗಟ್ಟಿ ನಿಂತಿದ್ದವು. ಇನ್ನೊಂದರಲ್ಲಿ ಎರಡು ಗುಂಪಾಗಿ ಆಚೆಗೊಂದು ಈಚೆಗೊಂದು ಸರಿದು ನಿಂತಿದ್ದವು. ಮತ್ತೊಂದರಲ್ಲಿ ಎರಡು ಗುಂಪಿನ ಮಧ್ಯೆ ಆಗಲೇ ಹೊಸ ಗೋಡೆಯ ಗೆರೆ. ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದು ಅಂಕ ತೆಗೆದುಕೊಂಡಿದ್ದ ವಿಷಯ ನಿಜವಾಗಿ ನಡೆಯುವಂಥದ್ದು ಎಂದು ನನಗೆ ಗೊತ್ತಾದದ್ದು ಆವತ್ತು. ತಲೆ ಎತ್ತಿದಾಗ ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು.

"ಸೋಮವಾರದಿಂದ ಬಾ," ಅಂದರು.

ಕೆಲಸ ಕಷ್ಟದ್ದಲ್ಲ, ಆದರೆ ಮೈಯೆಲ್ಲ ಕಣ್ಣಾಗಿರಬೇಕಿತ್ತು. ಕೈಗೆ ಸ್ಪಿರಿಟ್ ಹಚ್ಚಿಕೊಂಡು, ಶುದ್ಧ ಗಾಳಿ ಬೀಸುವ ಗಾಜಿನ ಮೇಜಿನ ಮುಂದೆ ಕೂತು, ಬೆಂಕಿಯಲ್ಲಿ ಸುಟ್ಟ ಚಿಮುಟದಿಂದ ಸಸಿಯ ಗೊಂಚಲನ್ನು ಹೊರತೆಗೆದು, ಬಿಡಿಸಿ, ಹೊಸ ಬಾಟ್ಲಿಗೆ ಹಾಕಬೇಕು. ಒಂದು ಸಲ ಕೆಮ್ಮಿದರೆ ಆ ಬಾಟ್ಲಿ ಕೆಟ್ಟಿತೆಂದೇ ಲೆಕ್ಕ. ಮೇಡಂ ಬಯ್ಯುತ್ತಿರಲಿಲ್ಲ. ಕೆಟ್ಟ ಬಾಟ್ಲಿಯನ್ನು ನನ್ನ ಮುಂದೆ ತಂದಿಟ್ಟು ಹೋಗುತ್ತಿದ್ದರು. ಅದು ಬಯ್ಗುಳಕ್ಕಿಂತ ಜಾಸ್ತಿ ನಾಟುತ್ತಿತ್ತು. ಮಧ್ಯಾಹ್ನ ಮಾತ್ರ ಅವರ ರೊಟ್ಟಿ, ನನ್ನ ಚಿತ್ರಾನ್ನ ಅದಲುಬದಲಾಗುತ್ತಿತ್ತು. ಊಟದ ಹೊತ್ತಿಗೆ ಲೇತಿನ ಸದ್ದೂ ನಿಲ್ಲುತ್ತಿತ್ತು, ಅವರ ಮಾತು ಆಗ ಶುರುವಾಗುತ್ತಿತ್ತು.

ಹತ್ತಿರದ ಮಲವಗೊಪ್ಪದಿಂದ ಒಬ್ಬ ಅಜ್ಜಿ ಬಂದದ್ದು ನಾನು ಸೇರಿದ ವರ್ಷವೇ. ಒದ್ದೆ ಗೋಣಿಯಲ್ಲಿ ಸುತ್ತಿದ ಬಾಳೆ ಕಂದೊಂದನ್ನು ಮಗುವಿನ ಹಾಗೆ ತೋಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದು ಏದುಸಿರು ಬಿಡುತ್ತಿದ್ದರು.

"ಇಲ್ಲಿ ಬಾಳೆಗೆ ಔಷಧಿ ಕೊಡ್ತಾರಂತಲ್ಲ ತಾಯಿ?"

ಮೇಡಂ ಅವರನ್ನು ಕೂರಿಸಿ ನೀರು ಕೊಟ್ಟು ಗೋಣಿ ಬಿಚ್ಚಿ ನೋಡಿದರು. ಎಲೆಗಳು ಗಿಡ್ಡವಾಗಿ, ಅಂಚು ಹಳದಿಯಾಗಿ, ತುದಿಯಲ್ಲಿ ಒತ್ತೊತ್ತಾಗಿ ನೆಟ್ಟಗೆ ನಿಂತಿದ್ದವು. ಈ ರೋಗ ಬಂದ ಬಾಳೆ ಗೊನೆ ಹಾಕುವುದಿಲ್ಲ, ಪಕ್ಕದ ಗಿಡಗಳನ್ನೂ ಬಿಡುವುದಿಲ್ಲ. ಔಷಧಿ ಇಲ್ಲ ಎಂದು ಮೇಡಂ ನಿಧಾನವಾಗಿ ಹೇಳಿದರು. ಅಜ್ಜಿ ಎದ್ದು ಹೋಗಲಿಲ್ಲ.

ಆ ಬಾಳೆ ಅವರ ಹಿತ್ತಲಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲವಂತೆ. ಅವರ ಅತ್ತೆ ನೆಟ್ಟದ್ದು, ಎಲ್ಲಿಂದ ತಂದರೋ ಗೊತ್ತಿಲ್ಲ. ಅದಕ್ಕೆ ಹೆಸರೂ ಇರಲಿಲ್ಲ. ಹಣ್ಣು ಮಾಡಿದರೆ ಸುಮಾರು, ಕಾಯಿಯಲ್ಲೇ ಅದರ ಗುಣ. ಕಾಯಿ ಸುಲಿದು ತೆಳ್ಳಗೆ ಹೆಚ್ಚಿ ಬಿಸಿಲಿಗೆ ಒಣಗಿಸಿ ಪುಡಿ ಮಾಡಿ, ಹಾಲು ಬಿಡಿಸುವ ಕೂಸುಗಳಿಗೆ ಗಂಜಿಯಂಥ ಸರಿ ಕಾಯಿಸುವುದು. ಅವರ ಬೀದಿಯಲ್ಲಿ ಯಾವ ಮನೆಯಲ್ಲಿ ಮಗು ಹುಟ್ಟಿದರೂ ಅಜ್ಜಿ ಮನೆಯಿಂದ ಒಂದು ಡಬ್ಬಿ ಪುಡಿ ಹೋಗುತ್ತಿತ್ತು.

"ಬೇರೆ ಬಾಳೇಲಿ ಮಾಡಿ ನೋಡ್ದೆ ತಾಯಿ. ಒಗರು. ಮಕ್ಳು ಉಗೀತಾವೆ. ಮೊಮ್ಮಗಳಿಗೆ ಈಗಿನ್ನೂ ಮದುವೆ ಆಗಿದೆ. ಅವಳ ಮಗೂಗೆ ನಾನೇನು ಕೊಡ್ಲಿ?"

ಮೇಡಂ ಕಂದನ್ನು ಮತ್ತೊಮ್ಮೆ ತಿರುಗಿಸಿ ನೋಡಿ, "ಆ ಕಂದು ಇಲ್ಲೇ ಬಿಟ್ಟು ಹೋಗಿ ಅಜ್ಜಿ. ಆಗುತ್ತೆ ಅಂತ ಹೇಳಲ್ಲ. ನೋಡೋಣ," ಅಂದರು.

ಯಜಮಾನರು ಆ ಕಡೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. "ಮಾರೋಕೆ ಬರದ ಬಾಳೆ ಬೆಳೆಸಿ ಏನ್ ಮಾಡ್ತೀಯ?" ಎಂದು ಕೇಳಿದರು.

"ತಿನ್ನೋರು ಇದಾರಲ್ಲ," ಅಂದರು ಮೇಡಂ, ಅಷ್ಟೇ.

ರೋಗ ಬಂದ ಗಿಡದಿಂದ ರೋಗವಿಲ್ಲದ ಗಿಡ ಹೇಗೆ ಬರುತ್ತದೆ ಎಂದು ನಾನು ಕೇಳಿದೆ. ಕಂದಿನ ಪದರಗಳನ್ನು ಒಂದೊಂದಾಗಿ ಬಿಡಿಸುತ್ತಾ ಮೇಡಂ ಹೇಳಿದರು. ಗಿಡದ ತೀರಾ ತುದಿಯಲ್ಲಿ ಕೋಶಗಳು ಬಿಡುವಿಲ್ಲದೆ ಎರಡಾಗುತ್ತಿರುತ್ತವೆ. "ರೋಗ ಹಿಂದೆ ಓಡಿ ಬರ್ತಾ ಇರುತ್ತೆ, ತುದಿ ಮುಂದೆ ಓಡ್ತಾ ಇರುತ್ತೆ. ಮಧ್ಯೆ ಸಿಗೋ ಚೂರು ಜಾಗ ನಮ್ದು." ಆ ಚೂರು ಸಾಸಿವೆಗಿಂತ ಚಿಕ್ಕದು. ದೊಡ್ಡದಾಗಿ ಕತ್ತರಿಸಿದರೆ ರೋಗವೂ ಜೊತೆಗೆ ಬರುತ್ತದೆ, ಚಿಕ್ಕದಾಗಿ ಕತ್ತರಿಸಿದರೆ ಬದುಕುವುದಿಲ್ಲ. ಮೇಡಂ ಉಸಿರು ಹಿಡಿದು ಬ್ಲೇಡಿನ ಮೂಲೆಯಿಂದ ಅದನ್ನು ಎತ್ತುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ.

ಮೊದಲನೆಯದು ಮಾರನೆಯ ದಿನವೇ ಕಪ್ಪಾಯಿತು. ಬಾಳೆಯ ರಸ ಗಾಳಿ ತಾಗಿದರೆ ಹಾಗೇ, ತನ್ನ ಮಸಿಯಲ್ಲಿ ತಾನೇ ಸಾಯುತ್ತದೆ. ಅಜ್ಜಿ ಇನ್ನೊಂದು ಕಂದು ತಂದರು. ಅದು ಕೊಳೆಯಿತು. ಮತ್ತೊಂದು ತಂದರು. ಪ್ರತಿ ಸಲವೂ ತಂದ ಕಂದು ಹಿಂದಿನದಕ್ಕಿಂತ ಬಡವಾಗಿರುತ್ತಿತ್ತು. ಕೊನೆಗೊಂದು ದಿನ ಬಾಟ್ಲಿಯ ತಳದಲ್ಲಿ ಬಿಳಿ ಚುಕ್ಕೆಯೊಂದು ಕಪ್ಪಾಗದೆ ಉಳಿಯಿತು. ವಾರಗಟ್ಟಲೆ ಹಾಗೇ ಇತ್ತು. ಸತ್ತಿದೆಯೋ ಬದುಕಿದೆಯೋ ಗೊತ್ತಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅದರ ಅಂಚಿಗೆ ಹಸಿರು ಬಂದಿತ್ತು. ಮೇಡಂ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಆಮೇಲೆ ಕೈ ತೊಳೆಯದೆ ಮುಟ್ಟಿದೆನಲ್ಲ ಎಂದು ಮತ್ತೆ ಸ್ಪಿರಿಟ್ ಹಚ್ಚಿಕೊಳ್ಳಲು ಹೋದರು.

ಬೇಸಿಗೆ ಬರುವಷ್ಟರಲ್ಲಿ ಅದು ಕವಲೊಡೆದು ಹಲವು ಬಾಟ್ಲಿಗಳಾಗಿತ್ತು. ಆ ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಎ.ಸಿ. ನಿಂತು ಕೋಣೆ ಕಾದಾಗಲೆಲ್ಲ ಬಾಟ್ಲಿಗಳಲ್ಲಿ ಬೂಷ್ಟು ಏಳುತ್ತಿತ್ತು. ಒಂದರಿಂದ ಒಂದಕ್ಕೆ ಹಬ್ಬಿ ಸಾಲುಸಾಲೇ ಹಾಳಾಗತೊಡಗಿತು. ಆಗ ಮೇಡಂ ಅಜ್ಜಿಯ ಬಾಟ್ಲಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಶಿವಮೊಗ್ಗದ ಮನೆಗೆ ಒಯ್ದರು. ಆ ಮನೆಯಲ್ಲಿ ಧೂಳಿಲ್ಲದ ತಂಪು ಜಾಗ ಎಂದರೆ ಪೂಜೆ ಕೋಣೆ ಒಂದೇ. ಅಲ್ಲೇ ಇಟ್ಟರು. ಮೇಡಂ ಅತ್ತೆ ರೇಗಿದರಂತೆ, ಲಿಂಗಪೂಜೆ ಮಾಡುವ ಕಡೆ ಜಾಮ್ ಬಾಟ್ಲಿ ಯಾಕೆ ಎಂದು. ಕೂಸುಗಳ ಬಾಳೆ ಎಂದು ಮೇಡಂ ವಿವರಿಸಿದರಂತೆ. ಮಳೆ ಬಿದ್ದು ಕರೆಂಟು ಸರಿಯಾದ ಮೇಲೆ ಬುಟ್ಟಿ ವಾಪಸ್ ಬಂತು. ಪ್ರತಿ ಬಾಟ್ಲಿಯ ಮೇಲೂ ಅತ್ತೆ ಎಳೆದ ಮೂರು ಬೆರಳಿನ ವಿಭೂತಿ ಪಟ್ಟೆ ಇತ್ತು. ಮೇಡಂ ನಗುತ್ತಾ ಒಂದೊಂದನ್ನೇ ಸ್ಪಿರಿಟ್ ಹತ್ತಿಯಿಂದ ಒರೆಸಿದರು. ಒಂದನ್ನು ಮಾತ್ರ ಹಾಗೇ ಬಿಟ್ಟರು. ಲ್ಯಾಬಿನಲ್ಲಿ ಉಳಿದಿದ್ದ ಸಾಲುಗಳಲ್ಲಿ ಅರ್ಧಕ್ಕರ್ಧ ಆಗಲೇ ಕಸಕ್ಕೆ ಹೋಗಿತ್ತು.

ಸಸಿಗಳು ಬೇರು ಬಿಟ್ಟವು. ಬಾಟ್ಲಿಯಿಂದ ತೆಗೆದು ತೆಂಗಿನ ನಾರಿನ ಪುಡಿಗೆ ಹಾಕಿ, ಹಸಿರು ಬಲೆಯ ಕೆಳಗೆ ತಿಂಗಳುಗಟ್ಟಲೆ ಇಟ್ಟು ನೋಡಿದೆವು. ಎಲೆ ಅಗಲವಾಗಿ ಬಂತು. ರೋಗದ ಗುರುತಿಲ್ಲ. ಅಜ್ಜಿ ಬಂದು ಅವನ್ನು ಸುತ್ತು ಹಾಕಿ ನೋಡಿ, ಎಲೆಯನ್ನು ಬೆರಳಲ್ಲಿ ಸವರಿ, ಕಣ್ಣು ತುಂಬಿಕೊಂಡರು. ನಿಜವಾದ ತೊಡಕು ಶುರುವಾದದ್ದು ಆಮೇಲೆ.

"ಇವನ್ನ ನೆಡೋ ಮುಂಚೆ ಹಳೇ ಬುಡ ಪೂರ್ತಿ ಕೀಳಿಸ್ಬೇಕು ಅಜ್ಜಿ," ಅಂದರು ಮೇಡಂ. "ಒಂದು ಕಂದೂ ಉಳೀಬಾರದು."

ಅಜ್ಜಿಯ ಮುಖ ಗಂಭೀರವಾಯಿತು. "ಇದು ಗೊನೆ ಹಾಕ್ಲಿ. ತಿಂದು ನೋಡ್ತೀನಿ. ಅದೇ ಅಂತ ಗೊತ್ತಾದ್ಮೇಲೆ ಅದನ್ನ ಕೀಳಿಸ್ತೀನಿ."

"ಅದಕ್ಕೆ ವರ್ಷದ ಮೇಲೆ ಬೇಕು. ಅಷ್ಟರಲ್ಲಿ ಬಾಳೆಯ ಹೇನು ಅದರ ಮೇಲೂ ಇದರ ಮೇಲೂ ಕೂತು ಕೂತು ಆ ರೋಗ ಇದಕ್ಕೂ ಬರುತ್ತೆ. ನಿಮ್ ಬೀದಿಯ ಬಾಳೆಯೆಲ್ಲ ಹೋಗುತ್ತೆ."

"ಅದು ನಮ್ಮತ್ತೆ ನೆಟ್ಟಿದ್ದು ತಾಯಿ. ಇದು ನೀವು ಬಾಟ್ಲೀಲಿ ಮಾಡಿದ್ದು." ಅಜ್ಜಿ ಸಸಿಯನ್ನೇ ನೋಡುತ್ತಾ ಕೇಳಿದರು. "ಇದು ಅದೇನಾ? ಇಲ್ಲ, ಅದರ ಹಂಗೆ ಇರೋದಾ?"

ಮೇಡಂ ಕಿಟಕಿಯ ಮೇಲಿನ ಈರುಳ್ಳಿ ಲೋಟದ ಕಡೆ ನೋಡಿದರು. ಆಮೇಲೆ, "ನಾಳೆ ಬೆಳಿಗ್ಗೆ ಬನ್ನಿ ಅಜ್ಜಿ. ಒಂದು ತೋರಿಸ್ತೀನಿ," ಅಂದರು.

ಮರುದಿನ ಅಜ್ಜಿ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು, ಮಗನ ಕನ್ನಡಕ ಹಾಕಿಕೊಂಡು. ಮೇಡಂ ಕನ್ನಡಕ ತೆಗೆಸಿ, ಸ್ಟೂಲಿನ ಮೇಲೆ ಕೂರಿಸಿ, ಮೈಕ್ರೋಸ್ಕೋಪಿಗೆ ಕಣ್ಣಿಡಿಸಿದರು. ತಿರುಪು ಅತ್ತ ಇತ್ತ ಮಾಡಿ ಮಾಡಿ ಸಾಕಾಯಿತು. ಒಮ್ಮೆಲೇ ಅಜ್ಜಿ ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಇನ್ನಷ್ಟು ಬಗ್ಗಿದರು. ಕಂಡಿರಬೇಕು ಎಂದು ನಮಗೆ ಗೊತ್ತಾಯಿತು.

"ಏನ್ ಕಾಣಿಸ್ತಿದೆ ಅಜ್ಜಿ?"

"ಕೆಂಪು ಕೂದಲು. ಬೈತಲೆ ತೆಗೆದ ಹಂಗೆ ಆ ಕಡೆ ಅರ್ಧ, ಈ ಕಡೆ ಅರ್ಧ."

"ಅದೇ. ಗಿಡ ಹೇಗಿರ್ಬೇಕು, ಎಲೆ ಎಷ್ಟಗಲ, ಕಾಯಿ ಒಗರೋ ಸಿಹಿಯೋ, ಎಲ್ಲ ಆ ಕೂದಲಲ್ಲೇ ಇರೋದು. ಅದು ಎರಡು ಪಾಲಾಗ್ತಿದೆ."

"ಇದು ನನ್ನ ಬಾಳೇದಾ?"

"ಅಲ್ಲ ಅಜ್ಜಿ, ಈರುಳ್ಳೀದು. ಬಾಳೇದು ಇನ್ನೂ ಸಣ್ಣ, ಕಾಣಲ್ಲ. ನಡೆಯೋದು ಎರಡರಲ್ಲೂ ಒಂದೇ ಥರ."

ಅಜ್ಜಿ ಕಣ್ಣು ತೆಗೆದು ಮೇಡಂ ಕಡೆ ತಿರುಗಿದರು. ಅವರಿಗೆ ಬೇರೇನೋ ಕೊರೆಯುತ್ತಿತ್ತು. "ಪಾಲು ಅಂದ್ರೆ ಅರ್ಧ ಅರ್ಧ ತಾನೇ? ನಮ್ ಮಾವನ ಮನೇಲಿ ಅಣ್ಣತಮ್ಮಂದಿರು ಪಾಲಾದಾಗ ಪಾತ್ರೆ ಒಬ್ರಿಗೆ, ಅದರ ಮುಚ್ಚಳ ಒಬ್ರಿಗೆ ಬಂತು. ಹಿಂಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಹೋದ್ರೆ ಕೊನೇಗೆ ಒಂದೊಂದ್ರಲ್ಲಿ ಏನುಳಿಯುತ್ತೆ?"

ನಾನು ಬಿ.ಎಸ್ಸಿ.ಯಲ್ಲಿ ಓದುವಾಗ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಮೇಡಂ ಮುಖ ಅರಳಿತು. ಸ್ಟೂಲು ಎಳೆದುಕೊಂಡು ಅಜ್ಜಿಯ ಎದುರು ಕೂತರು.

"ಪಾಲಾಗೋ ಮುಂಚೆ ಅದು ಎಲ್ಲಾದಕ್ಕೂ ಇನ್ನೊಂದು ಜೊತೆ ಮಾಡ್ಕೊಳ್ಳುತ್ತೆ ಅಜ್ಜಿ. ಪಾತ್ರೆಗೆ ಪಾತ್ರೆ, ಮುಚ್ಚಳಕ್ಕೆ ಮುಚ್ಚಳ. ಆಮೇಲೆ ಎಲ್ಲಾನೂ ನಡುಮನೇಲಿ ಸಾಲಾಗಿ ಇಡುತ್ತೆ. ಜೋಡಿ ಸರಿಯಾಗಿದೆ ಅಂತ ಆದ್ಮೇಲೇ ಆ ಕಡೆ ಒಂದು, ಈ ಕಡೆ ಒಂದು ಎಳ್ಕೊಳ್ಳೋದು. ಮಧ್ಯೆ ಗೋಡೆ ಏಳುತ್ತೆ. ಇಬ್ರಿಗೂ ಪೂರ್ತಿ ಮನೆ. ಯಾರಿಗೂ ಕಮ್ಮಿಯಿಲ್ಲ."

"ಜಗಳ ಇಲ್ವಾ?"

"ಜಗಳ ಇಲ್ಲ. ಅಪರೂಪಕ್ಕೆ ಜೊತೆ ಮಾಡುವಾಗ ತಪ್ಪಾಗುತ್ತೆ. ಆಗ ಗಿಡ ಬೇರೆ ಥರ ಬರಬಹುದು. ಆಗೋದೇ ಇಲ್ಲ ಅಂತ ನಾನು ಹೇಳಲ್ಲ. ಹೋದ ತಿಂಗಳು ಕೈ ಸುಟ್ಕೊಂಡಿದ್ರಲ್ಲ, ನೋಡಿ, ಅಲ್ಲಿ ಹೊಸ ಚರ್ಮ ಬಂದಿದ್ದೂ ಹೀಗೇ."

ಅಜ್ಜಿ ತಮ್ಮ ಮುಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಬೆಂಕಿ ತಾಗಿದ್ದ ಕಡೆ ಚರ್ಮ ತೆಳ್ಳಗೆ, ಕೆಂಪಗೆ ಬಂದಿತ್ತು. ಅದನ್ನು ಸವರುತ್ತಾ ಕೂತರು. "ನಮ್ಮನೆ ಪಾಲಿಗಿಂತ ವಾಸಿ," ಅಂದರು ಕೊನೆಗೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು.

ಕೆಲವು ದಿನಗಳ ಮೇಲೆ ಅವರ ಮಗ ಬಂದು, ಅಮ್ಮ ಬರಹೇಳಿದ್ದಾರೆ, ಹಾರೆ ಗುದ್ದಲಿ ನಮ್ಮಲ್ಲೇ ಇದೆ ಎಂದ. ನಾನೂ ಮೇಡಂ ಜೊತೆ ಮಲವಗೊಪ್ಪಕ್ಕೆ ಹೋದೆ. ಹಿತ್ತಲಿನ ಬಾವಿಕಟ್ಟೆಯ ಪಕ್ಕ ಆ ಬುಡ ಇತ್ತು. ಒಂದು ಕಾಲಕ್ಕೆ ದೊಡ್ಡ ಗುಂಪೇ ಇದ್ದಿರಬೇಕು. ಈಗ ಉಳಿದದ್ದು ಕೆಲವು ಗಿಡ್ಡ ಗಿಡಗಳು. ಆಳುಗಳು ಅಗೆಯಲು ಶುರು ಮಾಡಿದರು. ಸಣ್ಣ ಗೆಡ್ಡೆ ಒಂದು ಉಳಿದರೂ ಚಿಗುರುತ್ತದೆ ಎಂದು ಮೇಡಂ ತಾವೇ ಸೆರಗು ಬಿಗಿದು ಗುಂಡಿಗಿಳಿದು ಮಣ್ಣಿನಲ್ಲಿ ಕೈಯಾಡಿಸಿ ಹುಡುಕಿ ಹುಡುಕಿ ತೆಗೆದರು. ಅಜ್ಜಿ ಹಿತ್ತಲ ಬಾಗಿಲಲ್ಲಿ ನಮಗೆ ಬೆನ್ನು ಮಾಡಿ ಕೂತು ಅಕ್ಕಿ ಆರಿಸುತ್ತಿದ್ದರು. ಒಂದು ಸಲವೂ ತಿರುಗಲಿಲ್ಲ. ಮೊರದಲ್ಲಿ ಕಲ್ಲೇ ಇಲ್ಲದ ಅಕ್ಕಿಯನ್ನು ಅವರ ಬೆರಳು ಮತ್ತೆ ಮತ್ತೆ ಸರಿಸುತ್ತಿತ್ತು.

ಎಲ್ಲ ಮುಗಿದಾಗ ಬಂದು ಗುಂಡಿಯ ಅಂಚಿನಲ್ಲಿ ನಿಂತರು. "ಆಯ್ತಾ?"

"ಆಯ್ತು ಅಜ್ಜಿ."

"ಕೈ ತೊಳ್ಕೊಳ್ಳಿ. ಕಾಫಿ ಮಾಡ್ತೀನಿ."

ಹೊಸ ಸಸಿಗಳನ್ನು ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ನೆಟ್ಟೆವು. ಆಮೇಲೆ ಮೇಡಂ ಬಿಡುವು ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದರು. ಎಲೆಯ ಅಡಿಭಾಗ ತಿರುವಿ ನೋಡುವುದು, ಅಳತೆ ಹಿಡಿಯುವುದು. ಗಿಡಗಳು ಚೆನ್ನಾಗಿ ಎದ್ದವು, ಒಂದನ್ನು ಬಿಟ್ಟು. ಅದು ಮೊಳಕಾಲಿನ ಎತ್ತರದಲ್ಲೇ ನಿಂತುಕೊಂಡಿತು. 

ಅದರ ಎಲೆಯ ಮೇಲೆ ಬಿಳಿ ಪಟ್ಟೆಗಳು ಬಂದವು. ರೋಗವಲ್ಲ, ಜೊತೆ ಮಾಡುವಾಗ ಎಲ್ಲೋ ಆದ ತಪ್ಪು. ಅದನ್ನು ಕಂಡ ದಿನ ಮೇಡಂ ಮುಖ ಬಿಳುಚಿಕೊಂಡಿತು. ಒಂದು ಹೀಗಾದರೆ ಉಳಿದವು ಒಳಗೊಳಗೇ ಏನಾಗಿವೆಯೋ ಎಂಬ ಯೋಚನೆ ಅವರಿಗೆ ಬಂದಿತ್ತೆಂದು ನನಗೆ ಆಮೇಲೆ ತಿಳಿಯಿತು.

"ಇದನ್ನ ಕಿತ್ತುಬಿಡ್ತೀನಿ ಅಜ್ಜಿ. ಇದು ಸರಿ ಬರ್ಲಿಲ್ಲ," ಅಂದರು.

"ಯಾಕೆ ಕೀಳ್ತೀರಿ? ಅದರ ಪಾಡಿಗೆ ಅದು ಇರ್ಲಿ," ಅಂದರು ಅಜ್ಜಿ. "ಚೆಂದ ಇದೆಯಲ್ಲ, ಪಟ್ಟೆ ಪಟ್ಟೆ." ಅದು ಕೊನೆಯವರೆಗೂ ಗೊನೆ ಹಾಕಲಿಲ್ಲ. ಅಜ್ಜಿ ಅದಕ್ಕೂ ನೀರು ಹಾಕುವುದನ್ನು ಬಿಡಲಿಲ್ಲ.

ಮೊದಲ ಗೊನೆ ಬಲಿತಾಗ ಅಜ್ಜಿ ಹೇಳಿ ಕಳಿಸಿದರು. ನಾವು ಹೋದಾಗ ಬಿಸಿಲಿನಲ್ಲಿ ಚಾಪೆಯ ಮೇಲೆ ಬಾಳೆಕಾಯಿ ಬಿಲ್ಲೆಗಳು ಆಗಲೇ ಒಣಗಿ ಗರಿಗರಿಯಾಗಿದ್ದವು. ಅಜ್ಜಿ ನಮ್ಮ ಮುಂದೆಯೇ ಒಂದಿಷ್ಟನ್ನು ಕುಟ್ಟಿ, ಜರಡಿ ಹಿಡಿದು, ಹಾಲು ಬೆಲ್ಲ ಹಾಕಿ ಒಲೆಯ ಮೇಲೆ ತಿರುವುತ್ತಾ ಕೂತರು. ಮೇಡಂ ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತಿದ್ದರು. ಕೂರಿ ಅಂದರೂ ಕೂರಲಿಲ್ಲ. ಅಜ್ಜಿ ಒಂದು ಬೆರಳು ಸರಿಯನ್ನು ನಾಲಗೆಗೆ ಹಚ್ಚಿಕೊಂಡರು. ಕಣ್ಣು ಮುಚ್ಚಿದರು.

"ಅದೇ," ಅಂದರು.

ಮೇಡಂ ಹೊಸ್ತಿಲಿನ ಆಚೆಗೆ ಸರಿದು ಕಂಬಕ್ಕೆ ಒರಗಿದರು. ನಮಗೂ ಒಂದೊಂದು ಬಟ್ಟಲು ಸರಿ ಕೊಟ್ಟರು ಅಜ್ಜಿ. ಇಬ್ಬರು ದೊಡ್ಡ ಹೆಂಗಸರು ಕೂಸುಗಳ ಹಾಗೆ ಚಮಚದಲ್ಲಿ ಸರಿ ತಿನ್ನುತ್ತಾ ಕೂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ವಾಪಸ್ ಬರುವಾಗ ರಸ್ತೆಬದಿಯಲ್ಲಿ ಬಸ್ಸಿಗೆ ಕಾಯುತ್ತಾ ಮೇಡಂ ಹೇಳಿದರು:

"ನಂಗೇ ಖಾತ್ರಿ ಇರ್ಲಿಲ್ಲ ಮಾರಾಯ್ತಿ. ಓದಿದ್ದೆ, ಬೇರೆ ಬಾಳೇಲಿ ನೋಡಿದ್ದೆ. ಆದ್ರೆ ಅವರ ಬಾಳೆ ರುಚಿ ಹೇಗೆ ಅಂತ್ಲೇ ನಂಗೊತ್ತಿರ್ಲಿಲ್ಲ. ಕೊನೇ ಗೊನೆ ಅವರು ನಮ್ಮ ಹತ್ರ ಬರೋ ಮುಂಚೇನೇ ಆಗೋಗಿತ್ತು. ಆ ಬುಡ ಕೀಳಿಸಿದ ದಿನದಿಂದ ನಂಗೆ ಊಟ ಸರಿಯಾಗಿ ಸೇರ್ತಿರ್ಲಿಲ್ಲ."

"ಅಜ್ಜಿ ಹತ್ರ ಹೇಳ್ಬಹುದಿತ್ತಲ್ಲ ಮೇಡಂ."

"ಹೇಳಿದ್ರೆ ಕೀಳಿಸ್ತಿದ್ರಾ? ಆ ಬೀದಿಯ ಬಾಳೆ ಎಲ್ಲ ಹೋಗ್ತಿತ್ತು." ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು. "ಆದ್ರೂ... ಅವರು ನನ್ನ ನಂಬಿದ್ರು. ಆ ಕೂದಲನ್ನಲ್ಲ."

ಅಜ್ಜಿಯ ಮೊಮ್ಮಗಳಿಗೆ ಮುಂದೆ ಗಂಡು ಮಗುವಾಯಿತು. ಒಂದು ಡಬ್ಬಿ ಪುಡಿ ಆ ಕೂಸಿಗೂ, ಒಂದು ಡಬ್ಬಿ ಲ್ಯಾಬಿಗೂ ಬಂತು. ಎರಡು ಸಾವಿರದ ಮೊದಲ ವರ್ಷಗಳಲ್ಲಿ ನನಗೆ ಮದುವೆಯಾಗಿ ನಾನು ಶಿವಮೊಗ್ಗಕ್ಕೆ ಬಂದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಕೆಲಸ ಸಿಕ್ಕಿತು. ಮೇಡಂ ಒಬ್ಬರೇ ಕೆಲವು ವರ್ಷ ಲ್ಯಾಬ್ ನಡೆಸಿದರು. ಆಮೇಲೆ ದೊಡ್ಡ ದೊಡ್ಡ ಕಂಪನಿಗಳ ಸಸಿಗಳು ಲಾರಿಗಟ್ಟಲೆ ಬರತೊಡಗಿದವು. ಅವರಷ್ಟು ಅಗ್ಗಕ್ಕೆ ಕೊಡಲು ಇವರಿಗೆ ಆಗಲಿಲ್ಲ, ಬಾಗಿಲು ಹಾಕಿದರು. ಅದರ ಬಗ್ಗೆ ಅವರು ಗೋಳಾಡಿದ್ದನ್ನು ನಾನು ಕೇಳಲಿಲ್ಲ. ಕರೆದರೆ ನಮ್ಮ ಶಾಲೆಗೆ ಬರುತ್ತಿದ್ದರು, ತಮ್ಮದೇ ಮೈಕ್ರೋಸ್ಕೋಪನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ. ಮಕ್ಕಳು ಸಾಲಾಗಿ ನಿಂತು ಈರುಳ್ಳಿ ಬೇರು ನೋಡುತ್ತಿದ್ದರು, ಮೇಡಂ ಮೈಕ್ರೋಸ್ಕೋಪಿನ ಕಡೆ ನೋಡದೆ ಮಕ್ಕಳ ಮುಖ ನೋಡುತ್ತಿದ್ದರು.

ಆಮೇಲಾಮೇಲೆ ನನ್ನ ಸಂಸಾರ, ಅವರ ಸಂಸಾರ... ಹಬ್ಬಕ್ಕೊಂದು ಫೋನು ಎಂಬಲ್ಲಿಗೆ ಬಂತು, ಅದೂ ತಪ್ಪಿತು. ಅವರು ಮಲಗಿದಲ್ಲೇ ಹೋದರಂತೆ, ಹೃದಯ ನಿಂತು. ನನಗೆ ಗೊತ್ತಾಗುವಷ್ಟರಲ್ಲಿ ಶಿವಗಣಾರಾಧನೆಯೂ ಮುಗಿದಿತ್ತು. ಮನೆಗೆ ಹೋಗಿ ಯಜಮಾನರನ್ನು ಮಾತಾಡಿಸಿ ಬಂದೆ. ಶೆಡ್ಡಿನ ಕಡೆ ಹೋಗಲು ಮನಸ್ಸಾಗಲಿಲ್ಲ. ವರ್ಷಗಳೇ ಕಳೆದವು.

ಹೆಬ್ಬೆರಳಿನ ಮಸಿ ಇನ್ನೂ ಪೂರ್ತಿ ಹೋಗಿರಲಿಲ್ಲ, ಮೊನ್ನೆ ಬುಧವಾರ ಶಾಲೆಗೆ ರಜೆ ಹಾಕಿ ಮಾಚೇನಹಳ್ಳಿಗೆ ಹೋದೆ. ಈಗ ಅವರ ಮಗ ಶೆಡ್ ನೋಡಿಕೊಳ್ಳುತ್ತಾನೆ. ನನ್ನ ಗುರುತು ಹಿಡಿದು, "ಲ್ಯಾಬ್ ರೂಮ್ ನೋಡ್ಬೇಕಾ ಆಂಟಿ? ಈಗ ಅಲ್ಲಿ ಏನಿಲ್ಲ, ಹುಡುಗರು ಊಟ ಮಾಡ್ತಾರೆ," ಅಂದ. ಇಟ್ಟಿಗೆ ಗೋಡೆಯ ಆಚೆ ಹೋದೆ. ಬಾಗಿಲ ಹೊರಗೆ ಚಪ್ಪಲಿಗಳು, ಕೆಲಸದ ಬೂಟುಗಳು ಗೋಡೆಗುಂಟ ಜೋಡಿ ಜೋಡಿಯಾಗಿ ಇದ್ದವು. ಶೆಡ್ಡಿನ ಬೇರೆಲ್ಲ ಕಡೆ ಜನ ಬೂಟಿನಲ್ಲೇ ಓಡಾಡುತ್ತಿದ್ದರು. ಆ ಕೋಣೆಯೊಳಗೆ ಧೂಳು ಬರಬಾರದೆಂದು ಹೊರಗೇ ಚಪ್ಪಲಿ ಬಿಡಿಸುತ್ತಿದ್ದವರು ಮೇಡಂ. ಯಜಮಾನರಿಗೂ ವಿನಾಯಿತಿ ಇರಲಿಲ್ಲ.

ಕೈ ತೊಳೆದು ಬಂದ ಕೆಲಸಗಾರನೊಬ್ಬ ಬೂಟು ಕಳಚಿ ಸಾಲಿಗೆ ಸೇರಿಸುತ್ತಿದ್ದ. ಇಲ್ಲಿ ಮಾತ್ರ ಯಾಕೆ ಬಿಡುತ್ತೀರಿ ಎಂದು ಕೇಳಿದೆ.

"ಗೊತ್ತಿಲ್ಲ ಅಕ್ಕ. ನಾನು ಸೇರಿದಾಗ ಎಲ್ರೂ ಬಿಡ್ತಿದ್ರು."

ಅವನು ಊಟದ ಡಬ್ಬಿ ಹಿಡಿದು ಒಳಗೆ ಹೋದ. ನಾನೂ ಚಪ್ಪಲಿ ಬಿಟ್ಟು ಅವನ ಹಿಂದೆ ಹೋದೆ. ಅಟ್ಟಣಿಗೆಗಳಿಲ್ಲ, ಬಾಟ್ಲಿಗಳಿಲ್ಲ. ಗೋಡೆಯ ಬಿಳಿ ಬಣ್ಣ ಹಳದಿ ತಿರುಗಿದೆ. ನೆಲ ಮಾತ್ರ ತಣ್ಣಗಿತ್ತು. ಬಾಗಿಲು ತೆರೆದೇ ಇತ್ತು, ಆಚೆಯಿಂದ ಕಬ್ಬಿಣ ಕೊರೆಯುವ ಸದ್ದು, ಗಾಳಿ ಎರಡೂ ನುಗ್ಗುತ್ತಿದ್ದವು. ಹಿಂದಾಗಿದ್ದರೆ ಒಂದು ಕೂಗು ಬರುತ್ತಿತ್ತು, ಬಾಗಿಲು ಹಾಕು ಮಾರಾಯ್ತಿ ಎಂದು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಯಾರೂ ಹೇಳಲಿಲ್ಲ. ನಾನೇ ಹೋಗಿ ಹಾಕಿದೆ.